ಇನ್ನೊಂದು ಹಗ್ಗ

ಮುರುಗೇಶನಿಗೆ ಒಂದು ಚಟ. ಯಾವ ಊರಿಗೆ ಹೋದರೂ ಮೊದಲು ಅವನ ಕಣ್ಣು ಕಂಬದ ಮೇಲೆ. ಮದುವೆ ಮನೆಗೆ ಹೋದರೂ ಚಪ್ಪರ ಬಿಟ್ಟು ಅದರ ಹಿಂದಿನ ಕಂಬ ನೋಡುವವನು. ಅದಕ್ಕೆ ಎಷ್ಟು ಕೇಬಲ್ ಜೋತುಬಿದ್ದಿವೆ, ಯಾವನು ಇಷ್ಟು ಗಲೀಜಾಗಿ ಸುತ್ತಿದ್ದಾನೆ ಎಂದು ಗೊಣಗುತ್ತಾ ನಿಂತುಬಿಡುತ್ತಿದ್ದ. "ಹೆಣ್ಣು ನೋಡಾಕೆ ಬಂದಾಗ್ಲೂ ನೀವು ನಮ್ಮನೆ ಮುಂದಿನ ಕಂಬನೇ ನೋಡ್ತಿದ್ರಿ" ಎಂದು ಹೆಂಡತಿ ನಾಗಶ್ರೀ ಈಗಲೂ ಛೇಡಿಸುತ್ತಾಳೆ. ಚಿತ್ರದುರ್ಗದ ಒಂದು ಟ್ರಸ್ಟು ಜಿಲ್ಲೆಯಲ್ಲಿ ನಾಲ್ಕು ಪುಟ್ಟ ಆಸ್ಪತ್ರೆ ನಡೆಸುತ್ತದೆ. ಬಿ.ದುರ್ಗದಲ್ಲಿ ಒಂದು, ಹೊಳಲ್ಕೆರೆಯಲ್ಲಿ ಒಂದು, ಹೊಸದುರ್ಗದ ಆಚೆ ಒಂದು, ಎಲ್ಲಕ್ಕಿಂತ ದೂರದ್ದು ಹಿರಿಯೂರು ದಾಟಿ ಧರ್ಮಪುರದಲ್ಲಿ. ಈ ನಾಲ್ಕಕ್ಕೂ ಇಂಟರ್‌ನೆಟ್ ಲೈನು ನೋಡಿಕೊಳ್ಳುವ ಕೆಲಸ ಮುರುಗೇಶನೊಬ್ಬನದೇ.

ಇಂಟರ್‌ನೆಟ್ಟು ಆಸ್ಪತ್ರೆಗೆ ಯಾಕೆ, ರೀಲ್ಸು ನೋಡಲಿಕ್ಕಾ ಎಂದು ಕೇಳುವವರಿದ್ದಾರೆ. ಧರ್ಮಪುರಕ್ಕೆ ಡಾಕ್ಟರು ಬರುವುದು ಸೋಮವಾರ, ಬುಧವಾರ, ಶುಕ್ರವಾರ. ಉಳಿದ ದಿನ ರೇಣುಕಾ ಸಿಸ್ಟರೇ ಎಲ್ಲ. ಎದೆನೋವು ಅಂತ ಯಾರಾದರೂ ಬಂದರೆ ಆಕೆ ಇಸಿಜಿ ತೆಗೆಯುತ್ತಾರೆ. ಅದು ಲೈನಿನ ಮೇಲೆ ಚಿತ್ರದುರ್ಗಕ್ಕೆ ಹೋಗುತ್ತದೆ, ಅಲ್ಲಿ ಹೃದಯದ ಡಾಕ್ಟರು ಮೋಹನ್‌ಕುಮಾರ್ ನೋಡುತ್ತಾರೆ. ಅವರು "ಕೊಡಿ" ಎಂದರೆ ಫ್ರಿಜ್ಜಿನಲ್ಲಿರುವ ಇಂಜೆಕ್ಷನ್ ಕೊಡಬೇಕು. ಹೃದಯದ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದು ಅದು. ಬೇಗ ಕೊಟ್ಟರೆ ಮನುಷ್ಯ ಎದ್ದು ಮನೆಗೆ ನಡೆಯುತ್ತಾನೆ. ತಡವಾದಷ್ಟೂ ಹೃದಯ ಚೂರು ಚೂರೇ ಸಾಯುತ್ತಾ ಹೋಗುತ್ತದೆ. ಹಾಗಂತ ಡಾಕ್ಟರು ಹೇಳದೆ ಕೊಡುವ ಹಾಗೂ ಇಲ್ಲ, ಬೇರೆ ಯಾವುದೋ ನೋವಿಗೆ ಕೊಟ್ಟುಬಿಟ್ಟರೆ ಒಳಗೊಳಗೇ ರಕ್ತ ಸೋರಿ ಪ್ರಾಣ ಹೋಗುತ್ತದೆ. ಅಂದರೆ "ಕೊಡಿ" ಎಂಬ ಎರಡಕ್ಷರ ಧರ್ಮಪುರ ತಲುಪಬೇಕು. ಅದನ್ನು ತಲುಪಿಸುವುದಕ್ಕೆ ಮುರುಗೇಶ ಸಂಬಳ ತಗೊಳ್ಳುತ್ತಿದ್ದ.

ಅದಕ್ಕೇ ಅವನು ನಾಲ್ಕೂ ಆಸ್ಪತ್ರೆಗೆ ಎರಡೆರಡು ಲೈನು ಹಾಕಿದ್ದು. ಧರ್ಮಪುರದಲ್ಲಿ ಒಂದು ಹಿರಿಯೂರಿನಿಂದ ರಸ್ತೆ ಪಕ್ಕದ ನೆಲದಡಿಯಲ್ಲಿ ಬರುವ ಫೈಬರ್. ಇನ್ನೊಂದು ಸಿಮ್ಮಿನದು, ಊರಾಚೆಯ ಟವರಿನಿಂದ ಗಾಳಿಯಲ್ಲಿ ಬಂದು, ತಾರಸಿಯ ಆಂಟೆನಾದಿಂದ ವೈರಿನಲ್ಲಿ ಕೆಳಗಿಳಿಯುವುದು. ಎರಡನ್ನೂ ಒಂದು ಕಪ್ಪು ಡಬ್ಬಿಗೆ ಜೋಡಿಸಿ ರೇಣುಕಾ ಸಿಸ್ಟರ ಟೇಬಲ್ಲಿನ ಮೇಲಿನ ಗೋಡೆಗೆ ಬಿಗಿದ. ಫೈಬರ್ ಹೋದರೆ ಡಬ್ಬಿ ತಾನಾಗಿಯೇ ಸಿಮ್ಮಿಗೆ ಹಾರುತ್ತದೆ, ಯಾರೂ ಏನೂ ಮಾಡಬೇಕಿಲ್ಲ. ಡಬ್ಬಿಯ ಮುಖದ ಮೇಲೆ ಸಾಸಿವೆ ಕಾಳಿನಷ್ಟು ಎರಡು ದೀಪ, ಲೈನಿಗೊಂದು. ಹಸಿರಿದ್ದರೆ ಸರಿ, ಕೆಂಪಾದರೆ ಆ ಲೈನು ಸತ್ತಿದೆ ಎಂದು ಅರ್ಥ.

ಡಬ್ಬಿ ಬಿಗಿಯುವಾಗ ಸ್ಟೂಲು ಹಿಡಿದುಕೊಂಡಿದ್ದವಳು ಓಬಕ್ಕ. ಆಸ್ಪತ್ರೆಯ ಕಸ ಗುಡಿಸಿ ಒರೆಸುವ ಹೆಂಗಸು, ಐವತ್ತರ ಮೇಲೆ ವಯಸ್ಸು, ಬಾಯಿಗೆ ಬಿಡುವಿಲ್ಲದವಳು.

"ಎರಡ್ಯಾಕಪ್ಪ ಮುರುಗೇಶಪ್ಪ, ಒಂದು ಸಾಲ್ದಾ?"

"ಒಂದು ಕೈಕೊಟ್ರೆ ಇನ್ನೊಂದು ಹಿಡ್ಕಂತೈತೆ ಅಕ್ಕ."

"ಹಂಗಾರೆ ನಮ್ಮ ಯಜಮಾನ್ರು ಮಾಡ್ದಂಗೇ. ಬೋರಿಗೆ ಮೋಟ್ರು ಬಿಡಾಗ ಅವ್ರೂ ಎರಡು ಹಗ್ಗ ಕಟ್ತಾರೆ."

ಅವಳ ಗಂಡ ರಂಗಯ್ಯ ಬೋರ್‌ವೆಲ್ಲಿಗೆ ಮೋಟರು ಇಳಿಸಿ ಎತ್ತುವ ಗ್ಯಾಂಗಿನ ಮೇಸ್ತ್ರಿ. ಆರುನೂರು ಅಡಿ ಪೈಪನ್ನು ಒಂದೊಂದೇ ತುಂಡು ಹೆಗಲು ಕೊಟ್ಟು ಎತ್ತುವ ಮನುಷ್ಯ, ಆ ಸೀಮೆಯಲ್ಲಿ ಅವನ ತೋಳು ನೋಡಿದವರು ಜಗಳಕ್ಕೆ ಹೋಗುತ್ತಿರಲಿಲ್ಲ. ಆದರೆ ಎರಡು ವರ್ಷದಿಂದ ಆಗಾಗ ಎದೆ ಹಿಡಿದುಕೊಂಡು ಕೂರುತ್ತಿದ್ದ. ಹಿರಿಯೂರಿಗೆ ಹೋಗಿ ತೋರಿಸೋಣ ಎಂದರೆ ಗ್ಯಾಸು ಎಂದು ಜೀರಿಗೆ ಅಗಿದು ಸುಮ್ಮನಾಗುತ್ತಿದ್ದ. ಅವನ ಹಠದ ಮುಂದೆ ಓಬಕ್ಕನ ಬಾಯಿಯೂ ಸೋತಿತ್ತು.

"ದೂರ ಬರಲ್ಲ ಅಂತಾರೆ, ಬ್ಯಾಡ ಬಿಡು" ಎಂದು ಅವಳು ಡಬ್ಬಿಯನ್ನೇ ನೋಡುತ್ತಾ ಅಂದಳು. "ಏನಾರ ಆದ್ರೆ ಇಲ್ಲೇ ಎತ್ತಾಕ್ಕೊಂಡು ಬತ್ತೀನಿ. ಇದು ಐತಲ್ಲ, ನನಗೆ ಅದೊಂದು ಧೈರ್ಯ."

"ಎಲ್ಲಿಗೂ ಹೋಗಲ್ಲ ಅಕ್ಕ, ಇದು ಯಾವಾಗ್ಲೂ ಇರ್ತೈತೆ" ಎಂದ ಮುರುಗೇಶ. ಹೇಳುವಾಗ ನಂಬಿಯೇ ಹೇಳಿದ.

ಆಯುಧಪೂಜೆ ಬಂತು. ಬೇರೆ ಇಂಜಿನಿಯರುಗಳು ಕಂಪ್ಯೂಟರಿಗೆ ಒಂದು ಹೂ ಸಿಕ್ಕಿಸಿ ಕೈ ಮುಗಿದುಬಿಡುತ್ತಾರೆ. ಮುರುಗೇಶ ಅಂಥವನಲ್ಲ, ಶಾಸ್ತ್ರವಾಗಿ ಮಾಡುವವನು. ಬೈಕಿನಲ್ಲಿ ನಾಲ್ಕೂ ಊರು ಸುತ್ತಿ, ನಾಲ್ಕೂ ಡಬ್ಬಿಗಳಿಗೆ ತನ್ನ ಕೈಯಾರೆ ಪೂಜೆ ಮಾಡಿದ. ಧರ್ಮಪುರ ಕೊನೆಯದು. ಗಂಧವನ್ನು ಗಟ್ಟಿಯಾಗಿ ಕಲಸಿ, ಡಬ್ಬಿಯ ಮುಖಕ್ಕೆ ಉಂಗುರದ ಬೆರಳಲ್ಲಿ ರೂಪಾಯಿಯಗಲ ಬೊಟ್ಟಿಟ್ಟು, ಅದರ ಮೇಲೆ ಕುಂಕುಮ ಒತ್ತಿದ. ಸೇವಂತಿಗೆ ಮಾಲೆ ಹಾಕಿದ. ಹೊರಗೆ ಬೂದುಗುಂಬಳ ಒಡೆದು ಎಲ್ಲರಿಗೂ ಮಂಡಕ್ಕಿ ಹಂಚಿದ. ಹೊರಡುವಾಗ ಓಬಕ್ಕನನ್ನು ಕರೆದು, "ಹೂವು ಒಣಗಿದ್ರೆ ತಗಿ ಅಕ್ಕ, ಬೊಟ್ಟು ಮಾತ್ರ ಅಳಿಸ್ಬ್ಯಾಡ. ಇರಲಿ, ಒಳ್ಳೇದು" ಎಂದ.

ಬೊಟ್ಟು ಬಿದ್ದದ್ದು ಸರಿಯಾಗಿ ಮೊದಲನೇ ದೀಪದ ಮೇಲೆ.

ಗಂಧ ಒಣಗಿ ಗಾರೆಯಂತೆ ಗಟ್ಟಿಯಾಯಿತು. ನೋಡುವವರಿಗೆ ಇನ್ನು ಕಾಣುತ್ತಿದ್ದದ್ದು ಎರಡನೆಯದು, ಸಿಮ್ಮಿನ ದೀಪ ಮಾತ್ರ. ಅದು ಹಸಿರಾಗಿತ್ತು. ಎಂಟು ದಿನ ಕಳೆದ ಮೇಲೆ, ಹಿರಿಯೂರು ರಸ್ತೆಯ ಪಕ್ಕ ಕುಡಿಯುವ ನೀರಿನ ಪೈಪಿಗೆ ಗುಂಡಿ ತೋಡುತ್ತಿದ್ದ ಜೆಸಿಬಿ ಫೈಬರನ್ನು ಬೇರಿನ ಸಮೇತ ಗಿಡ ಕಿತ್ತ ಹಾಗೆ ಕಿತ್ತು ಮಣ್ಣಿನ ಜೊತೆ ಆಚೆ ಎಸೆಯಿತು. ಧರ್ಮಪುರದ ಗೋಡೆಯ ಮೇಲೆ, ಬೊಟ್ಟಿನ ಅಡಿಯಲ್ಲಿ, ಹಸಿರು ದೀಪ ಕೆಂಪಾಯಿತು. ಡಬ್ಬಿ ತನಗೆ ಹೇಳಿಕೊಟ್ಟ ಹಾಗೆ ಸಿಮ್ಮಿಗೆ ಹಾರಿತು. ರೇಣುಕಾ ಸಿಸ್ಟರಿಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗಬಾರದು ಎಂದೇ ಅಲ್ಲವೇ ಎರಡು ಲೈನು ಹಾಕಿದ್ದು. ಚಿತ್ರದುರ್ಗದ ಆಫೀಸಿನಲ್ಲಿ ಮುರುಗೇಶನ ಮುಂದಿನ ಪರದೆಯ ಮೇಲೆ ನಾಲ್ಕು ಊರಿನ ಹೆಸರು, ಹೆಸರಿಗೊಂದು ಚುಕ್ಕೆ. ಧರ್ಮಪುರ ಇದೆಯಾ ಎಂದು ಅದು ಐದು ನಿಮಿಷಕ್ಕೊಮ್ಮೆ ಕೇಳುತ್ತಿತ್ತು. ಇದೆ ಎಂದು ಉತ್ತರ ಬರುತ್ತಿತ್ತು. ಯಾವ ಲೈನಿನ ಮೇಲೆ ಇದ್ದೀಯ ಎಂದು ಕೇಳಲು ಅವನು ಪರದೆಗೆ ಕಲಿಸಿರಲಿಲ್ಲ.

ಡಿಸೆಂಬರಿನಲ್ಲಿ ಟ್ರಸ್ಟಿನ ಕಾರ್ಯದರ್ಶಿ ಚಿತ್ರಲಿಂಗಪ್ಪನವರು ಧರ್ಮಪುರಕ್ಕೆ ಬಂದರು. ಎರಡೆರಡು ಲೈನು ಯಾಕೆ ಎಂಬ ಪ್ರಶ್ನೆ ಕಮಿಟಿಯಲ್ಲಿ ಎದ್ದಿತ್ತು, ಕಣ್ಣಾರೆ ನೋಡಿ ಬರುತ್ತೇನೆ ಎಂದು ಹೊರಟಿದ್ದರು. ಮುರುಗೇಶ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಕಾರ್ಯದರ್ಶಿಗಳನ್ನೇ ಮಂಚದ ಮೇಲೆ ಮಲಗಿಸಿ ಇಸಿಜಿ ಹಚ್ಚಿಸಿದ. ಗೆರೆಗಳು ಪರದೆಯ ಮೇಲೆ ಓಡುತ್ತಿದ್ದಂತೆ, "ನೋಡ್ರಿ ಸಾರ್, ಈಗ ಮೇನ್ ಲೈನ್ ಕೀಳ್ತೀನಿ" ಎಂದು ಫೈಬರಿನ ವೈರನ್ನು ಡಬ್ಬಿಯಿಂದ ಕಿತ್ತು ಎತ್ತಿ ತೋರಿಸಿದ. ಇಸಿಜಿ ನಿಲ್ಲದೆ ಹೋಯಿತು. ಎರಡು ನಿಮಿಷಕ್ಕೆ ಮೋಹನ್‌ಕುಮಾರ್ ಡಾಕ್ಟರ ಉತ್ತರವೂ ಬಂತು, ಕಾರ್ಯದರ್ಶಿಗಳ ಗುಂಡಿಗೆ ಚೆನ್ನಾಗಿದೆಯಂತೆ.

"ಭಲೇ" ಎಂದರು ಚಿತ್ರಲಿಂಗಪ್ಪನವರು, ಗುಂಡಿಗೆಗೋ ಲೈನಿಗೋ ತಿಳಿಯಲಿಲ್ಲ.

ಸಾಮಾನ್ಯವಾಗಿ ಡಬ್ಬಿ ಒಂದು ಲೈನಿನಿಂದ ಇನ್ನೊಂದಕ್ಕೆ ಹಾರಲು ಹತ್ತು ಹದಿನೈದು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತು ಎಲ್ಲ ನಿಂತು ಮತ್ತೆ ಶುರುವಾಗಬೇಕು. ಅವತ್ತು ಒಂದು ಕ್ಷಣವೂ ನಿಲ್ಲಲಿಲ್ಲ. ಮುರುಗೇಶನಿಗೆ ಅದು ವಿಚಿತ್ರ ಅನ್ನಿಸಬೇಕಿತ್ತು. ಹೆಮ್ಮೆ ಅನ್ನಿಸಿತು. ತಾನು ಕೂರಿಸಿದ ಡಬ್ಬಿ, ತಾನು ಮಾಡಿದ ಜೋಡಣೆ, ಅದಕ್ಕೇ ಇಷ್ಟು ಚುರುಕು ಎಂದುಕೊಂಡ.

ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಓಬಕ್ಕ ಅಂದಳು: "ಅದನ್ನ ತಿರ್ಗ ಹಾಕಿ, ಇನ್ನೊಂದ್ನ ಕಿತ್ತು ತೋರ್ಸಪ್ಪ."

"ಯಾಕಕ್ಕ? ಮೇನ್ ಲೈನ್ ಹೋದ್ರೂ ನಡೀತೈತೆ ಅಂತ ಆತಲ್ಲ."

"ನಮ್ಮ ಯಜಮಾನ್ರು ಮೋಟ್ರು ಇಳ್ಸಾಕ್ಕೆ ಮುಂಚೆ ಒಂದು ಹಗ್ಗ ಸಡ್ಲ ಬಿಟ್ಟು ಇನ್ನೊಂದರ ಮ್ಯಾಲೆ ಭಾರ ಬಿಡ್ತಾರೆ. ಆಮೇಲೆ ಇದನ್ನ ಸಡ್ಲ ಬಿಟ್ಟು ಅದರ ಮ್ಯಾಲೆ ಬಿಡ್ತಾರೆ. ಎರಡ್ನೂ ನೋಡ್ಬೇಕಂತೆ."

"ಇದು ಹಗ್ಗ ಅಲ್ಲ ಕಣಕ್ಕ" ಎಂದು ಮುರುಗೇಶ ನಕ್ಕ. ಚಿತ್ರಲಿಂಗಪ್ಪನವರೂ ನಕ್ಕರು, ರೇಣುಕಾ ಸಿಸ್ಟರೂ ನಕ್ಕರು. ಓಬಕ್ಕ ತಾನೂ ನಕ್ಕು ಬಕೆಟ್ಟು ಎತ್ತಿಕೊಂಡು ಹೋದಳು. ಕಾರ್ಯದರ್ಶಿಗಳು ಹೊತ್ತಾಯಿತು ಎಂದರು, ಹಿರಿಯೂರಿನಲ್ಲಿ ಊಟ ಹೇಳಿತ್ತು. ಇನ್ನೊಂದು ವೈರು ಕಿತ್ತು ನೋಡಲು ಒಂದು ನಿಮಿಷ ಸಾಕಿತ್ತು.

ಫೆಬ್ರವರಿಯ ಒಂದು ಮಂಗಳವಾರ. ಲೈನ್ ಕೆಲಸ ಇದೆ, ಒಂಬತ್ತರಿಂದ ಐದರವರೆಗೆ ಕರೆಂಟ್ ಇರುವುದಿಲ್ಲ ಎಂದು ಹಿಂದಿನ ದಿನವೇ ಪೇಪರಿನಲ್ಲಿ ಬಂದಿತ್ತು. ಆಸ್ಪತ್ರೆಗೆ ಇನ್‌ವರ್ಟರ್ ಇತ್ತು, ಡಬ್ಬಿ ಉರಿಯುತ್ತಲೇ ಇತ್ತು. ಟವರಿನ ಬ್ಯಾಟರಿ ಹಳೆಯದು, ಹನ್ನೊಂದಕ್ಕೆಲ್ಲ ಕೈಚೆಲ್ಲಿತು. ಊರಿನ ಎರಡೂ ಕಂಪನಿಯ ಮೊಬೈಲು ಅದೇ ಒಂದು ಟವರಿನ ಮೇಲೆ ನಿಂತಿದ್ದವು, ಎರಡೂ ಒಟ್ಟಿಗೇ ಸತ್ತವು. ಚಿತ್ರದುರ್ಗದ ಪರದೆಯಲ್ಲಿ ಧರ್ಮಪುರದ ಚುಕ್ಕೆ ಕೆಂಪಾದಾಗ ಮುರುಗೇಶ ಹೊಸದುರ್ಗದ ಕಡೆ ಲೈನಿನ ಕೆಲಸದಲ್ಲಿದ್ದ.

ಹನ್ನೊಂದೂವರೆಗೆ ಶೇಂಗಾ ಹೊಲವೊಂದರಲ್ಲಿ ಪೈಪು ಎತ್ತುತ್ತಿದ್ದ ರಂಗಯ್ಯ ಹೆಗಲಿನ ಪೈಪನ್ನು ಮೆಲ್ಲಗೆ ನೆಲಕ್ಕಿಟ್ಟು, ಬೋರಿನ ಪಕ್ಕದಲ್ಲೇ ಕೂತ. ಜೊತೆಯವರು ಬೈಕಿನ ಮಧ್ಯೆ ಕೂರಿಸಿಕೊಂಡು ಕಾಲು ಗಂಟೆಯಲ್ಲಿ ಆಸ್ಪತ್ರೆಗೆ ತಂದರು. ಬೆವರಿಗೆ ಅಂಗಿ ಮೈಗೆ ಅಂಟಿಕೊಂಡಿತ್ತು. ಓಬಕ್ಕ ವರಾಂಡ ಒರೆಸುತ್ತಿದ್ದವಳು ಎದ್ದು ನಿಂತಳು. ಗಂಡನ ಚಪ್ಪಲಿ ಕಳಚಿ ಮಂಚದ ಕೆಳಗಿಟ್ಟು, "ಸಿಸ್ಟ್ರೇ, ಮಿಷನ್ ಹಚ್ರಿ" ಅಂದಳು.

ರೇಣುಕಾ ಸಿಸ್ಟರು ಇಸಿಜಿ ತೆಗೆದರು. ಗೆರೆ ನೋಡಿದರೆ ಅವರಿಗೇ ಗೊತ್ತಾಗುವಂತಿತ್ತು. ಕಳಿಸಿದರು. ಪರದೆಯ ಮೇಲೆ ಸಣ್ಣ ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಮತ್ತೆ ಕಳಿಸಿದರು. ಫೋನು ನೋಡಿದರೆ ಸಿಗ್ನಲ್ ಇಲ್ಲ. ತಾರಸಿಗೆ ಓಡಿ ನಾಲ್ಕೂ ಮೂಲೆಯಲ್ಲಿ ಫೋನು ಎತ್ತಿ ಹಿಡಿದು ಕೆಳಗೆ ಬಂದರು. ಡಬ್ಬಿಯ ಹಸಿರು ದೀಪ ಈಗ ಕೆಂಪಾಗಿತ್ತು. ಅದರ ಪಕ್ಕ ಬೊಟ್ಟು ಇದ್ದ ಹಾಗೇ ಇತ್ತು. "ಎರಡು ಲೈನ್ ಅವೆ ಅಂದಿದ್ನಲ್ಲ ಮುರುಗೇಶ" ಎಂದು ಸಿಸ್ಟರು ಯಾರಿಗೋ ಹೇಳಿದಂತೆ ಹೇಳಿದರು. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಇಪ್ಪತ್ತೂ ನಿಮಿಷ ಓಬಕ್ಕ ಡಬ್ಬಿಯ ಕೆಳಗೇ ನಿಂತು ಅದರ ಮುಖ ನೋಡುತ್ತಿದ್ದಳು.

ಸಿಸ್ಟರು ಜಾಣೆ. ಇಂಜೆಕ್ಷನ್ನನ್ನು ಐಸಿನ ಡಬ್ಬಕ್ಕೆ ಹಾಕಿಕೊಂಡು, ಟ್ರಸ್ಟಿನ ವ್ಯಾನಿನಲ್ಲಿ ರಂಗಯ್ಯನನ್ನು ಮಲಗಿಸಿ, ಫೋನನ್ನು ಕಿಟಕಿಗೆ ಹಿಡಿದುಕೊಂಡು ಹಿರಿಯೂರಿನ ಕಡೆ ಹೊರಟರು. ಅರ್ಧ ದಾರಿಯ ಮೇಲೆ ಸಿಗ್ನಲ್ ಬಂತು. ಇಸಿಜಿ ಹಾಳೆಯ ಫೋಟೋ ಹೋಯಿತು. "ಕೊಡಿ, ಈಗಲೇ" ಎಂದರು ಮೋಹನ್‌ಕುಮಾರ್ ಡಾಕ್ಟರು. ರಸ್ತೆ ಪಕ್ಕ ಒಂದು ಹುಣಸೆಮರದ ಕೆಳಗೆ ವ್ಯಾನು ನಿಲ್ಲಿಸಿ ಕೊಟ್ಟರು. ಲೈನಿದ್ದಿದ್ದರೆ ಹನ್ನೆರಡಕ್ಕೆ ಕೊಡಬಹುದಾಗಿದ್ದ ಮದ್ದು ಒಂದು ಗಂಟೆಗೆ ಮೈಗೆ ಹತ್ತಿತು.

ರಂಗಯ್ಯ ಉಳಿದ. ಆದರೆ ಆ ಒಂದು ಗಂಟೆಯಲ್ಲಿ ಹೃದಯದ ದೊಡ್ಡದೊಂದು ಭಾಗ ಸತ್ತಿತ್ತು. ಇನ್ನು ಭಾರ ಎತ್ತಬಾರದು ಎಂದರು ಡಾಕ್ಟರು. ಪೈಪೇನು, ತುಂಬಿದ ಕೊಡವನ್ನೂ.

ಮಾರನೇ ದಿನ ಮುರುಗೇಶ ಧರ್ಮಪುರಕ್ಕೆ ಬಂದಾಗ ಕರೆಂಟ್ ಬಂದಿತ್ತು, ಸಿಮ್ಮೂ ಬಂದಿತ್ತು, ದೀಪ ಹಸಿರಾಗಿತ್ತು. ಟವರ್ ಹೋದರೆ ಹೋಗಲಿ, ಫೈಬರ್ ಯಾಕೆ ಹಿಡಿಯಲಿಲ್ಲ ಎಂಬುದು ಅವನಿಗೆ ಅರ್ಥವಾಗಿರಲಿಲ್ಲ. ಸ್ಟೂಲು ಹತ್ತಿ, ಡಿಸೆಂಬರಿನಲ್ಲಿ ಕೀಳದೇ ಬಿಟ್ಟಿದ್ದ ಸಿಮ್ಮಿನ ವೈರನ್ನು ಕಿತ್ತ. ಎಲ್ಲ ನಿಂತುಹೋಯಿತು. ಹತ್ತು ಸೆಕೆಂಡು ಕಾದ, ಒಂದು ನಿಮಿಷ ಕಾದ. ಆಮೇಲೆ ಡಬ್ಬಿಯ ಮುಖಕ್ಕೆ ಮುಖ ಕೊಟ್ಟು ನೋಡಿದ. ಉಗುರಿನಿಂದ ಬೊಟ್ಟನ್ನು ಕೆರೆದ. ಗಂಧ ಚಕ್ಕೆ ಚಕ್ಕೆಯಾಗಿ ಎದ್ದು ಟೇಬಲ್ಲಿನ ಮೇಲೆ ಬಿತ್ತು, ಅಡಿಯಲ್ಲಿ ದೀಪ ಕೆಂಪಗೆ ಉರಿಯುತ್ತಿತ್ತು.

ಫೈಬರ್ ಆಫೀಸಿನ ಹರೀಶನಿಗೆ ಫೋನು ಮಾಡಿದ.

"ಅದಾ ಸಾರ್, ಅಕ್ಟೋಬರ್‌ನಾಗೇ ಕಟ್ಟಾಗೈತೆ" ಎಂದ ಹರೀಶ. "ನಿಮ್ಮ ಕಡೆಯಿಂದ ಕಂಪ್ಲೇಂಟೇ ಬರ್ಲಿಲ್ಲ. ಕಂಪ್ಲೇಂಟ್ ಬಂದ್ರೆ ತಾನೇ ಸಾರ್ ನಾವು ರಿಪೇರಿ ಮಾಡಾದು?"

ಮುರುಗೇಶ ಸ್ಟೂಲಿನ ಮೇಲೇ ಕೂತುಬಿಟ್ಟ. ನಾಲ್ಕು ತಿಂಗಳು ಆ ಆಸ್ಪತ್ರೆಗೆ ಇದ್ದದ್ದು ಒಂದೇ ಲೈನು. ಕಾರ್ಯದರ್ಶಿಗಳ ಮುಂದೆ ಅವನು ಕಿತ್ತು ಎತ್ತಿ ತೋರಿಸಿದ್ದು ಸತ್ತುಹೋಗಿದ್ದ ವೈರು.

ವರದಿ ಬರೆಯಬೇಕಾಯಿತು. ಎಲ್ಲವನ್ನೂ ಬರೆದು ಚಿತ್ರಲಿಂಗಪ್ಪನವರ ಮುಂದಿಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಟವರ್ ಕೆಟ್ಟಿತ್ತು ಅಂತ ಬರಿಯಪ್ಪ, ಸಾಕು. ಅದೂ ನಿಜಾನೇ ಅಲ್ವಾ? ಬೊಟ್ಟಿನ ವಿಷ್ಯ ಯಾಕೆ? ಕಮಿಟಿಯೋರು ನಗ್ತಾರೆ. ನಿನ್ನ ಕೆಲ್ಸಕ್ಕೂ ಕುತ್ತು."

ಮುರುಗೇಶನಿಗೆ ಎರಡು ಚಿಕ್ಕ ಮಕ್ಕಳು, ಈ ಕೆಲಸ ಬಿಟ್ಟರೆ ಬೇರೆ ಗತಿಯಿಲ್ಲ. ಬೊಟ್ಟಿನ ವಿಷಯ ಅವನಿಗಲ್ಲದೆ ಕಾರ್ಯದರ್ಶಿಗಳಿಗೊಬ್ಬರಿಗೇ ಗೊತ್ತು. ಅವರು ಹೇಳಿದ ಹಾಗೇ ಬರೆದುಕೊಟ್ಟು ಸಹಿ ಹಾಕಿದ. ಫೈಬರ್ ರಿಪೇರಿ ಮಾಡಿಸಿದ. ಪರದೆಯ ಮೇಲೆ ಊರಿಗೆ ಎರಡೆರಡು ಚುಕ್ಕೆ ಮಾಡಿ, ಅರ್ಧ ನಿಮಿಷಕ್ಕೊಮ್ಮೆ ಕೇಳುವಂತೆ ಕಲಿಸಿದ. ಇಷ್ಟೆಲ್ಲ ಮಾಡಿಯೂ ಸಾಲದು ಅನ್ನಿಸಿತು. ಹನ್ನೆರಡನೇ ದಿನ ಬೈಕು ಹತ್ತಿ ಧರ್ಮಪುರಕ್ಕೆ ಹೋದ, ಆಸ್ಪತ್ರೆಗಲ್ಲ, ರಂಗಯ್ಯನ ಮನೆಗೆ.

ರಂಗಯ್ಯ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದ. ತೋಳುಗಳು ಹಾಗೇ ಇದ್ದವು, ಕೆಲಸವಿಲ್ಲದೆ ತೊಡೆಯ ಮೇಲೆ ಬಿದ್ದಿದ್ದವು. ಓಬಕ್ಕ ಶೇಂಗಾ ಬಿಡಿಸುತ್ತಿದ್ದಳು.

"ಬರ್ರಿ, ಕುಂತ್ಕಳ್ರಿ" ಎಂದ ರಂಗಯ್ಯ.

ಮುರುಗೇಶ ಕೂರಲಿಲ್ಲ. ನಿಂತೇ ಹೇಳಿದ. ಬೊಟ್ಟು, ಜೆಸಿಬಿ, ಡಿಸೆಂಬರಿನಲ್ಲಿ ಕಿತ್ತ ವೈರು, ಕೀಳದ ವೈರು, ಮೊದಲು ಬರೆದ ವರದಿ, ಆಮೇಲೆ ಸಹಿ ಹಾಕಿದ ವರದಿ, ಒಂದನ್ನೂ ಬಿಡದೆ ಹೇಳಿದ. ಬೈಯುತ್ತಾರೆ ಎಂದು ಬಂದಿದ್ದ, ಬೈಯಲಿ ಎಂದೇ ಬಂದಿದ್ದ.

ರಂಗಯ್ಯ ಕೆಲಸದ ವಿಷಯ ವಿಚಾರಿಸುವಂತೆ ಕೇಳಿದ: "ಇನ್ನೊಂದು ಹಗ್ಗದ ಮ್ಯಾಲೆ ಭಾರ ಬಿಟ್ಟು ನೋಡ್ಲಿಲ್ಲ ನೀವು."

"ನೋಡ್ಲಿಲ್ಲ."

"ನಮ್ಮೋಳು ಹೇಳಿದ್ಲಂತೆ."

"ಹೇಳಿದ್ರು. ನಾನು ನಕ್ಕೆ."

ಓಬಕ್ಕ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದ್ದಳು.

"ಆ ಡಬ್ಬಿನ ದಿನಾ ಒರೆಸಾಕಿ ನಾನೇ" ಅಂದಳು. "ಒಂದಿನಾನೂ ತಪ್ಸಿಲ್ಲ. ಸುತ್ತ ಒರೆಸ್ತಿದ್ದೆ, ಮ್ಯಾಲೆ ಒರೆಸ್ತಿದ್ದೆ. ನೀನು ಹೇಳಿದ್ಯಲ್ಲ ಅಂತ ಬೊಟ್ಟೊಂದು ಬಿಟ್ಟು."

ಮುರುಗೇಶ ಅಲ್ಲಿ ಅತ್ತ. ಮೂವತ್ತಾರು ವರ್ಷದ ಗಂಡಸು, ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡೇ ಅತ್ತ. ಓಬಕ್ಕ ಒಂದು ಚೊಂಬು ನೀರು ತಂದು ಅವನ ಮುಂದಿಟ್ಟು ಮತ್ತೆ ಶೇಂಗಾಕ್ಕೆ ಕೂತಳು. ಮಾರನೇ ದಿನ ಅವನು ಚಿತ್ರಲಿಂಗಪ್ಪನವರಿಗೆ ಬೊಟ್ಟಿನ ವರದಿಯನ್ನೇ ಸಹಿ ಹಾಕಿ ಕೊಟ್ಟ. ಕಮಿಟಿಯವರು ಯಾರೂ ನಗಲಿಲ್ಲ. ಎಚ್ಚರಿಕೆ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು.

ವಾರಕ್ಕೊಮ್ಮೆ ಎರಡೂ ಲೈನು ಕಿತ್ತು ನೋಡಬೇಕು ಎಂದು ನಾಲ್ಕೂ ಆಸ್ಪತ್ರೆಗೆ ನಿಯಮವಾಯಿತು. ಧರ್ಮಪುರದಲ್ಲಿ ಆ ಕೆಲಸ ನಾನು ಮಾಡುತ್ತೇನೆ ಎಂದು ರಂಗಯ್ಯ ತಾನಾಗಿಯೇ ಕೇಳಿಕೊಂಡ. ಸೋಮವಾರ ಒಂಬತ್ತಕ್ಕೆ ಓಬಕ್ಕನ ಜೊತೆ ಮೆಲ್ಲಗೆ ನಡೆದುಕೊಂಡು ಬರುತ್ತಾನೆ, ದಾರಿಯಲ್ಲಿ ಎರಡು ಕಡೆ ಕೂರುತ್ತಾನೆ. ಡಬ್ಬಿಯನ್ನು ಈಗ ಅವನ ಕೈಗೆ ಎಟಕುವಂತೆ ಕೆಳಗೆ ಬಿಗಿಯಲಾಗಿದೆ. ಮೊದಲು ಒಂದು ವೈರು ಕೀಳುತ್ತಾನೆ, ನೂರು ಎಣಿಸಿ ವಾಪಸು ಹಾಕುತ್ತಾನೆ. ಆಮೇಲೆ ಇನ್ನೊಂದು. ಹೆಬ್ಬೆರಳಿನಷ್ಟು ದಪ್ಪದ ಪಿನ್ನು ಅದು, ಹೂವಿಗಿಂತ ಹೆಚ್ಚೇನೂ ಭಾರವಿಲ್ಲ. ಡಾಕ್ಟರು ಅದಕ್ಕೆ ಬೇಡ ಎಂದಿಲ್ಲ.

ಚಿತ್ರದುರ್ಗದಲ್ಲಿ ಮುರುಗೇಶ ಸೋಮವಾರ ಒಂಬತ್ತಕ್ಕೆ ಮುಂಚೆಯೇ ಪರದೆಯ ಮುಂದೆ ಕೂತಿರುತ್ತಾನೆ. ಧರ್ಮಪುರದ ಮೊದಲ ಚುಕ್ಕೆ ಕೆಂಪಾಗಿ ಮತ್ತೆ ಹಸಿರಾಗುತ್ತದೆ, ಆಮೇಲೆ ಎರಡನೆಯದು. ಬೇರೆ ಊರಿನ ಚುಕ್ಕೆ ಕೆಂಪಾದರೆ ಅವನ ಮೈ ಜುಮ್ಮೆನ್ನುತ್ತದೆ, ಇದೊಂದು ಕೆಂಪಾದರೆ ಉಸಿರು ಬಿಡುತ್ತಾನೆ. ಹೋದ ಸೋಮವಾರ ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಎರಡೂ ಹಸಿರಾಗಿಯೇ ಇದ್ದವು. ಫೋನು ಕೈಗೆತ್ತಿಕೊಂಡ, ಓಬಕ್ಕನ ನಂಬರು ತೆಗೆದ, ಒತ್ತಲು ಧೈರ್ಯ ಬರದೆ ಕೆಳಗಿಟ್ಟ. ಟೇಬಲ್ಲಿನ ಮೇಲೆ ಟೀ ಕೆನೆಗಟ್ಟಿತು. ಹತ್ತಕ್ಕೆ ಐದು ನಿಮಿಷವಿರುವಾಗ ಮೊದಲ ಚುಕ್ಕೆ ಕೆಂಪಾಯಿತು. ಅವನು ಬಾಯಿಬಿಟ್ಟು ನೂರು ಎಣಿಸಿದ. ಅದು ಹಸಿರಾಗಿ ಇನ್ನೊಂದು ಕೆಂಪಾದ ಮೇಲೆ ಟೀ ಕುಡಿದ.